ಹಾರ್ಡ್‌ಬೋರ್ಡ್ ಗಿಟಾರ್ ತಗೊಳ್ಳಬಹುದಾ? ಡ್ಯಾನೆಲೆಕ್ಟ್ರೋ 59 ರೀಇಶ್ಯೂ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಎಂಟು ವರ್ಷದಿಂದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಮೊದಲ ಎಲೆಕ್ಟ್ರಿಕ್ ತಗೊಳ್ಳಬೇಕು ಅಂತಿದ್ದೇನೆ. ಡ್ಯಾನೆಲೆಕ್ಟ್ರೋ 59ರ ರೀಇಶ್ಯೂ (ಹಳೆಯ ಮಾಡೆಲ್ಲನ್ನೇ ಹೊಸದಾಗಿ ಮಾಡಿದ್ದು) ನನ್ನ ಕೈಗೆಟುಕುವ ಬೆಲೆಯಲ್ಲಿದೆ. ಆ ಗಿಡ್ಡ ಕೊಂಬುಗಳು, ಹೊಳೆಯುವ ಲಿಪ್‌ಸ್ಟಿಕ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ನೋಡಿ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಆದರೆ ಗೆಳೆಯರೊಬ್ಬರು, "ಒಳಗೆ ಟೊಳ್ಳು, ಮೇಲೆ ಹಾರ್ಡ್‌ಬೋರ್ಡ್. ಹಳೇ ಹೆಸರಿಟ್ಟು ಅಗ್ಗದ ಮಾಲು ಮಾರುತ್ತಿದ್ದಾರೆ" ಅಂದರು. ನಿಜವಾ? ತಗೊಳ್ಳುವ ಮುಂಚೆ ಏನೇನು ನೋಡಬೇಕು?

ಉತ್ತರ (ಗಿಟಾರ್ ರಿಪೇರಿ ಮಾಡುವವರು): ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಒಳಗೆ ಟೊಳ್ಳು, ಮೇಲೆ ಹಾರ್ಡ್‌ಬೋರ್ಡ್ (ಮರದ ನಾರು ಒತ್ತಿ ಮಾಡಿದ ಹಲಗೆ), ಹೌದು. ಆದರೆ ಇದು ಈಗ ಮಾಡಿದ ಉಳಿತಾಯ ಅಲ್ಲ. ಅಸಲಿ ಗಿಟಾರೂ ಹಾಗೇ ಇತ್ತು.

ನೇಥನ್ ಡೇನಿಯಲ್ ಅನ್ನುವವರು 1947ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಡ್ಯಾನೆಲೆಕ್ಟ್ರೋ ಶುರು ಮಾಡಿದರು. ಮೊದಲು ಆಂಪ್ಲಿಫೈಯರ್, ಆಮೇಲೆ ಗಿಟಾರ್. ಹೊಸದಾಗಿ ಕಲಿಯುವವರಿಗೂ ಕೊಳ್ಳಲು ಆಗಬೇಕು ಅನ್ನುವುದು ಅವರ ಲೆಕ್ಕ. ಸಿಯರ್ಸ್ ಕಂಪನಿ ಇದೇ ಗಿಟಾರುಗಳನ್ನು ಸಿಲ್ವರ್‌ಟೋನ್ ಹೆಸರಲ್ಲಿ ಮಾರುತ್ತಿತ್ತು. ಮರದ ಚೌಕಟ್ಟು ಕಟ್ಟಿ, ಹಿಂದೆ ಮುಂದೆ ಮ್ಯಾಸನೈಟ್ ಅನ್ನುವ ಹಾರ್ಡ್‌ಬೋರ್ಡ್ ಅಂಟಿಸಿ, ಪಕ್ಕದ ಜೋಡಣೆ ಕಾಣದ ಹಾಗೆ ಸುತ್ತಲೂ ಪಟ್ಟಿ ಹಚ್ಚುತ್ತಿದ್ದರು. ಪಿಕಪ್ ಹಾಕುತ್ತಿದ್ದದ್ದು ನಿಜವಾದ ಲಿಪ್‌ಸ್ಟಿಕ್ ಕೊಳವೆಯೊಳಗೆ! ಕಂಪನಿ 1969ರಲ್ಲಿ ಮುಚ್ಚಿತು. 90ರ ದಶಕದ ಕೊನೆಗೆ ಬೇರೆಯವರು ಹೆಸರು ಕೊಂಡುಕೊಂಡು ರೀಇಶ್ಯೂ ತಂದರು. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ವೇದಿಕೆಯಲ್ಲಿ ಇಟ್ಟುಕೊಂಡಿದ್ದ ಗಿಟಾರೂ ಇದೇ ಬಗೆಯದು, ಹಾರ್ಡ್‌ಬೋರ್ಡಿನದೇ.

ಹಾಗಾಗಿ ಈ ಗಿಟಾರ್ ನೋಡುವಾಗ ನಾನು ಎರಡು ವಿಷಯ ಬೇರೆ ಬೇರೆ ಇಡುತ್ತೇನೆ. ಒಂದು, ಅದರ ಹುಟ್ಟುಗುಣ. ಇನ್ನೊಂದು, ನಿಮ್ಮ ಕೈಗೆ ಬಂದ ಆ ಒಂದು ಗಿಟಾರ್ ಮಾಡುವಾಗ ಆದ ತಪ್ಪು. ಹುಟ್ಟುಗುಣ ಇಷ್ಟವಾಗದಿದ್ದರೆ ಬೇರೆ ಮಾಡೆಲ್ ನೋಡಿ, ಸರಿ. ಆದರೆ ತಯಾರಿಕೆಯ ತಪ್ಪನ್ನು "ವಿಂಟೇಜ್ ಅಂದ್ರೆ ಹೀಗೇನೇ" ಅಂದುಕೊಂಡು ಮನೆಗೆ ತರಬೇಡಿ.

ಜಾಸ್ತಿ ಹೊತ್ತು ನೋಡಬೇಕಾದ್ದು ನೆಕ್, ಅಂದರೆ ಕೈಯಲ್ಲಿ ಹಿಡಿದು ತಂತಿ ಒತ್ತುವ ಉದ್ದನೆಯ ಭಾಗ. ಹಳೆಯ ಗಿಟಾರುಗಳ ನೆಕ್ ಒಳಗೆ ಉಕ್ಕಿನ ಪಟ್ಟಿ ಇರುತ್ತಿತ್ತು, ತಿರುಗಿಸಿ ಸರಿಮಾಡುವ ಟ್ರಸ್ ರಾಡ್ ಇರಲಿಲ್ಲ. ಒಂದು ಸಲ ನನ್ನ ಮೇಜಿಗೆ ಅಂಥ ಅಸಲಿ ಗಿಟಾರ್ ಬಂದಿತ್ತು. ನೆಕ್ ಬಿಲ್ಲಿನ ಹಾಗೆ ಬಾಗಿತ್ತು. 12ನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಗೆರೆ) ತಂತಿಯ ಕೆಳಗೆ ಪೆನ್ಸಿಲ್ಲೇ ತೂರುತ್ತಿತ್ತು. ಫ್ರೆಟ್ಟೆಲ್ಲ ಕಿತ್ತು, ಫಿಂಗರ್‌ಬೋರ್ಡ್ ಉಜ್ಜಿ ನೇರ ಮಾಡಿ, ಮತ್ತೆ ಫ್ರೆಟ್ ಕೂರಿಸಿದೆ. ರೀಇಶ್ಯೂನಲ್ಲಿ ಟ್ರಸ್ ರಾಡ್ ಇದೆ, ಅದೇ ಬಾಗನ್ನು ಒಂದು ಕೀಲಿಯಿಂದ ಸರಿಮಾಡಬಹುದು. ಈ ವಿಷಯದಲ್ಲಿ ಹೊಸದು ಹಳೆಯದಕ್ಕಿಂತ ಒಳ್ಳೆಯದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ನೀವೇ ನೋಡುವ ಬಗೆ ಹೀಗೆ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯೂ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಸಂದು ಕಂಡರೆ ಚೆನ್ನ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಹೆದರಬೇಡಿ, ರಾಡ್‌ನಲ್ಲಿ ಸರಿಹೋಗುತ್ತದೆ. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಬೇಡವೇ ಬೇಡ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಬೇಜಾರಾದರೂ ಬಿಡಬೇಡಿ, ಐದು ನಿಮಿಷದ ಕೆಲಸ. ಕೊನೆಗೆ ನೆಕ್ಕಿನ ಅಂಚಿನ ಮೇಲೆ ಬೆರಳು ಎಳೆಯಿರಿ. ಫ್ರೆಟ್ ತುದಿಗಳು ಗರಗಸದ ಹಾಗೆ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಅಂತ ಅರ್ಥ. ಇದಕ್ಕೆ ಅರದಿಂದ ಉಜ್ಜಿದರೆ ಸಾಕು.

ಟ್ಯೂನಿಂಗ್ ಕೀ, ಬಣ್ಣ, ಸ್ಟ್ರಾಪ್ ಗುಂಡಿ ಒಂದು ನೋಟ ನೋಡಿದರೆ ಆಯಿತು.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಹತ್ತಿರ ಇದೇ ರೀಇಶ್ಯೂ ಇದೆ, ಬ್ರಿಡ್ಜ್‌ನಲ್ಲಿ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಒಂದೇ ಮರದ ಪಟ್ಟಿ ಇರುವಂಥದ್ದು. ಎಲ್ಲ ತಂತಿ ಸರಿಯಾಗಿ ಶ್ರುತಿ ಮಾಡಿದರೂ ಮೂರನೇ ತಂತಿಯ ಸ್ವರ ಮಾತ್ರ ಮೇಲಿನ ಫ್ರೆಟ್‌ಗಳಲ್ಲಿ ಏರಿಬಿಡುತ್ತದೆ. ಬ್ರಿಡ್ಜೇ ಬದಲಾಯಿಸಿ ಅಂತಾರೆ. ಬದಲಾಯಿಸಲಾ?

ಉತ್ತರ: ತಡೆಯಿರಿ, ಮೊದಲು ತಂತಿ ಬದಲಾಯಿಸಿ ನೋಡಿ. ಈ ಗಿಟಾರ್ ಹುಟ್ಟಿದ ಕಾಲದಲ್ಲಿ ಮೂರನೇ ತಂತಿಗೆ ಮೇಲೆ ಸುತ್ತು ಇರುತ್ತಿತ್ತು, ಅಕೂಸ್ಟಿಕ್ ಗಿಟಾರಿನ ತಂತಿ ಸೆಟ್‌ನಲ್ಲಿ ಇರುವ ಹಾಗೇನೇ. ಈಗಿನ ಎಲೆಕ್ಟ್ರಿಕ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಅದು ಬರಿ ತಂತಿ. ಬರಿ ಮೂರನೇ ತಂತಿ ಸರಿಯಾಗಿ ನುಡಿಯಬೇಕಾದರೆ ಬ್ರಿಡ್ಜ್‌ನಲ್ಲಿ ಅದರ ಉದ್ದ ಚೂರು ಜಾಸ್ತಿ ಬೇಕು. ನೇರವಾದ ಒಂದೇ ಪಟ್ಟಿಯ ಮೇಲೆ ಅದೊಂದಕ್ಕೆ ಮಾತ್ರ ಉದ್ದ ಕೊಡಲು ಆಗುವುದಿಲ್ಲ. ಸುತ್ತು ಇರುವ ಮೂರನೇ ತಂತಿ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ.

ಆಮೇಲೆ ಟ್ಯೂನರ್ ಹಚ್ಚಿ. 12ನೇ ಫ್ರೆಟ್‌ ಮೇಲೆ ತಂತಿಯನ್ನು ಮೆಲ್ಲಗೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಮತ್ತೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಪಟ್ಟಿಯ ಆ ತುದಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಮೊದಲು ತಂತಿ ಸಡಿಲ ಮಾಡಿ, ಇಲ್ಲದಿದ್ದರೆ ಪಟ್ಟಿ ಜಗ್ಗುವುದಿಲ್ಲ. ಇಷ್ಟಾದರೂ ಬೆಂಡ್ ಮಾಡಲು (ತಂತಿ ಎಳೆದು ಸ್ವರ ಏರಿಸಲು) ಬರಿ ತಂತಿಯೇ ಬೇಕು ಅನ್ನುವವರಿಗೆ ಆರು ತುಂಡುಗಳ ಬ್ರಿಡ್ಜ್ ಇರುವ 59 ಮಾಡೆಲ್ಲೂ ಇದೆ, ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಮತ್ತೊಬ್ಬರು: ಮೇಷ್ಟ್ರೇ, ಪಿಕಪ್ ಬದಲಾಯಿಸಿದರೆ ಇನ್ನೂ ಚೆನ್ನಾಗಿ ಕೇಳುತ್ತದಾ? ಡಿಸ್ಟಾರ್ಶನ್ (ಸದ್ದನ್ನು ಒಡೆದು ಗಡುಸು ಮಾಡುವುದು) ಹಾಕಿದರೆ ಕೂಗುತ್ತದೆ.

ಉತ್ತರ: ದಯವಿಟ್ಟು ಪಿಕಪ್ ತೆಗೆಯಬೇಡಿ. ಈ ಗಿಟಾರಿನ ಜೀವ ಅಲ್ಲೇ ಇದೆ. ಉದ್ದನೆಯ ಒಂದು ಆಯಸ್ಕಾಂತದ ಸುತ್ತ ತಂತಿ ಸುತ್ತಿ, ಟೇಪು ಹಚ್ಚಿ, ಕೊಳವೆಯೊಳಗೆ ತೂರಿಸಿದ್ದು, ಅಷ್ಟೇ. ಸದ್ದು ತೆಳು ಅಲ್ಲ, ತಿಳಿ. ಕಾರ್ಡ್ ನುಡಿಸಿದರೆ ಆರೂ ತಂತಿ ಬೇರೆ ಬೇರೆಯಾಗಿ ಕೇಳುತ್ತವೆ.

ಒಂದು ಪ್ರಯೋಗ ಮಾಡಿ. ಆಂಪ್ ಮುಟ್ಟಬೇಡಿ, ಕ್ಲೀನ್ ಸದ್ದಿನಲ್ಲೇ ಇರಲಿ. ಸ್ವಿಚ್ಚನ್ನು ಒಂದು ತುದಿಯಿಂದ ಮಧ್ಯಕ್ಕೆ ತನ್ನಿ. ಬೇರೆ ಗಿಟಾರುಗಳಲ್ಲಿ ಸಾಮಾನ್ಯವಾಗಿ ಎರಡು ಪಿಕಪ್ ಪ್ಯಾರಲಲ್ (ಪಕ್ಕಪಕ್ಕಕ್ಕೆ ಜೋಡಿಸಿದ್ದು) ಇರುತ್ತವೆ, ಮಧ್ಯದಲ್ಲಿ ಸದ್ದು ಹೆಚ್ಚುವುದಿಲ್ಲ. ಹಳೆಯ ಡ್ಯಾನೆಲೆಕ್ಟ್ರೋದಲ್ಲಿ ಸೀರೀಸ್, ಅಂದರೆ ಒಂದರ ಹಿಂದೊಂದು. ಮಧ್ಯಕ್ಕೆ ತಂದ ಕೂಡಲೇ ಸದ್ದು ದಪ್ಪಗಾಗಿ ಮುಂದೆ ನುಗ್ಗಬೇಕು. ಹಾಗೆ ನುಗ್ಗಿದರೆ ಹಳೆಯ ವೈರಿಂಗನ್ನು ಉಳಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ನನಗೆ ಈ ಗಿಟಾರಿನಲ್ಲಿ ಅತಿ ಪ್ರೀತಿಯ ಸದ್ದು ಅದೇ.

ಕೂಗುವುದು ಟೊಳ್ಳು ಬಾಡಿಯ ಹುಟ್ಟುಗುಣ. ಗೇನ್ (ಸದ್ದು ಒಡೆಯುವಷ್ಟು ಬಲ ಕೊಡುವ ನಾಬ್) ತಗ್ಗಿಸಿ, ಆಂಪ್‌ನಿಂದ ಎರಡು ಹೆಜ್ಜೆ ದೂರ ನಿಂತು, ಅದಕ್ಕೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ನೋಡಿ. ಯಾವಾಗಲೂ ಭಾರೀ ಡಿಸ್ಟಾರ್ಶನ್ನೇ ಬೇಕು ಅನ್ನುವವರಿಗೆ ಇದು ಸರಿಯಾದ ಗಿಟಾರ್ ಅಲ್ಲ.

ಮೊದಲು ಕೇಳಿದವರು: ಹೋಗಿ ನೋಡಿ ಬಂದೆ ಸರ್. ಅಂಗಡಿಯಲ್ಲಿ ಎರಡು ಇದ್ದವು. ಮೊದಲನೆಯದು ಕೆಂಪು, ತುಂಬಾ ಚಂದ. ಆದರೆ ನಾಲ್ಕನೇ ತಂತಿ, ಮೂರನೇ ತಂತಿ ಎರಡೂ 8ನೇ ಫ್ರೆಟ್‌ನಲ್ಲಿ ಮಾತ್ರ ಜಿರ್ ಅನ್ನುತ್ತವೆ. ಕಪ್ಪು ಗಿಟಾರಿನಲ್ಲಿ ಅಂಥದ್ದೇನೂ ಇಲ್ಲ, ಆದರೆ ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ, ಮೇಲಿನ ನಾಬ್ ಜೊತೆ ಕೆಳಗಿನದೂ ತಿರುಗುತ್ತದೆ.

ಉತ್ತರ: ಕಪ್ಪು ತಗೊಳ್ಳಿ. 8ನೇ ಫ್ರೆಟ್‌ನಲ್ಲಿ ಮಾತ್ರ ಜಿರ್ ಅಂದರೆ ಅದರ ಮುಂದಿನ 9ನೇ ಫ್ರೆಟ್ ಎದ್ದಿದೆ. ಮತ್ತೆ ಕೂರಿಸಬಹುದು, ಆದರೆ ಹೊಸ ಗಿಟಾರಿಗೆ ಆ ಕೆಲಸ ನೀವ್ಯಾಕೆ ಮಾಡಿಸಬೇಕು? ಕಪ್ಪಿನದು ಸಣ್ಣ ವಿಷಯ. ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ನಾಬ್ ಇಪ್ಪತ್ತು ಸಲ ತಿರುಗಿಸಿ. ವಾಲ್ಯೂಮ್, ಟೋನ್ ಒಂದರ ಮೇಲೊಂದು ಕೂತಿರುವುದರಿಂದ ಎರಡೂ ಉಜ್ಜುತ್ತಿವೆ. ಮೇಲಿನದನ್ನು ಚೂರೇ ಚೂರು ಎತ್ತಿ ಕೂರಿಸಿದರೆ ಬೇರೆ ಬೇರೆ ತಿರುಗುತ್ತವೆ. ಹಾರ್ಡ್‌ಬೋರ್ಡಿಗೆ ಹಾಕಿದ ಸ್ಕ್ರೂಗಳನ್ನು ಮಾತ್ರ ಬಲ ಹಾಕಿ ಬಿಗಿಯಬೇಡಿ, ತೂತು ಪುಡಿಯಾಗುತ್ತದೆ. ಬಿಗಿ ಸಿಕ್ಕಿದ ಕೂಡಲೇ ಕೈ ನಿಲ್ಲಿಸಿ. ಎರಡು ವಾರ ನುಡಿಸಿ, ನೆಕ್ ಮನೆಯ ಹವೆಗೆ ಹೊಂದಿಕೊಳ್ಳಲಿ. ಆಮೇಲೆ ಸೆಟಪ್ (ನೆಕ್, ತಂತಿಯ ಎತ್ತರ, ಶ್ರುತಿ ಹೊಂದಿಸುವ ಕೆಲಸ) ಮಾಡಿಸಿ.