ಹೊಲದಲ್ಲಿ ನಿಲ್ಲಿಸಿದ ಟ್ರೇಲರ್ ಕಳುವಾಗದಂತೆ ಏನು ಮಾಡ್ತೀರಿ?

ಪ್ರಶ್ನೆ, ಮುಧೋಳ ತಾಲ್ಲೂಕಿನಿಂದ: ಕಬ್ಬಿನ ಸೀಸನ್ ಮುಗಿಯಿತು. ನಮ್ಮ ಎರಡು ಟ್ರೇಲರ್ ಊರ ಹೊರಗಿನ ಹೊಲದಲ್ಲೇ ನಿಂತಿವೆ, ಮನೆ ಹತ್ತಿರ ಜಾಗ ಇಲ್ಲ. ಪಕ್ಕದ ಊರಲ್ಲಿ ಒಂದು ಟ್ರೇಲರ್ ರಾತ್ರೋರಾತ್ರಿ ಮಾಯವಾಗಿದೆ. ಸರಪಳಿ ಸಾಕಾ, ಜಿಪಿಎಸ್ ಹಾಕಿಸಬೇಕಾ? ಅನುಭವ ಇದ್ದವರು ಹೇಳಿ.

ಅಥಣಿ: ಅಣ್ಣಾ, ಟ್ರ್ಯಾಕ್ಟರ್‌ಗಾದರೂ ಕೀ ಇದೆ, ಟ್ರೇಲರ್‌ಗೆ ಏನಿದೆ? ಯಾರ ಟ್ರ್ಯಾಕ್ಟರ್ ರಿವರ್ಸ್ ಬಂದು ಪಿನ್ ಹಾಕಿದರೂ ಸುಮ್ನೆ ಹಿಂದೆ ಹೋಗುತ್ತದೆ. ನಡುರಾತ್ರಿ ಎಳೆದುಕೊಂಡು ಹೋದರೂ ಯಾರೂ ತಿರುಗಿ ನೋಡಲ್ಲ. ಕಬ್ಬಿನ ಸೀಮೆಯಲ್ಲಿ ಅದೇನು ಹೊಸದಾ? ಅದಕ್ಕೇ ಟ್ರೇಲರ್ ಮೂತಿಯಲ್ಲಿ ಪಿನ್ ಹಾಕುವ ಬಳೆಯನ್ನೇ ಮೊದಲು ಮುಚ್ಚಬೇಕು. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಬಳೆಯ ತೂತಿಗೆ ಬಿಗಿಯಾಗಿ ಕೂರುವ ದಪ್ಪ ರಾಡ್ ಮಾಡಿಸಿದೆ. ಮೇಲುಗಡೆ ಅಗಲ ಪ್ಲೇಟ್, ಕೆಳತುದಿಯಲ್ಲಿ ಬೀಗಕ್ಕೆ ತೂತು. ಬೀಗದ ಸುತ್ತ ಒಂದು ಪೈಪ್ ತುಂಡನ್ನೂ ವೆಲ್ಡ್ ಮಾಡಿಸಿದ್ದೇನೆ. ಬೀಗ, ಸರಪಳಿ ಕತ್ತರಿಸೋ ಉದ್ದ ಹಿಡಿಯ ಕಟರ್‌ನ ಬಾಯಿ ಅದರೊಳಗೆ ತೂರಲ್ಲ, ಕೀ ಹಾಕೋಕೆ ಬೆರಳಿಗಷ್ಟೇ ಜಾಗ. ಮಳೆಗಾಲದಲ್ಲಿ ಬೀಗಕ್ಕೆ ಗ್ರೀಸ್ ಹಾಕಿಡಿ. ಇಲ್ಲಾಂದ್ರೆ ಸೀಸನ್ ಶುರುವಾದಾಗ ನಿಮ್ಮ ಬೀಗವನ್ನು ನೀವೇ ಒಡೆಯಬೇಕಾಗುತ್ತದೆ.

ಮಂಡ್ಯ: ಬಳೆ ಮುಚ್ಚಿದರೂ ಹಗ್ಗ ಕಟ್ಟಿ ಎಳೀಬಹುದಲ್ವಾ ಸರ್? ಚಕ್ರವನ್ನೂ ಕಟ್ಟಿಹಾಕಿ. ಸರಪಳಿ ಡಿಸ್ಕಿನ ತೂತಿನಲ್ಲಿ ತೂರಿ, ಆಕ್ಸಲ್ ಸುತ್ತಿ, ಚಾಸಿಗೆ ಬರಬೇಕು. ದನ ಕಟ್ಟೋ ಸರಪಳಿ ಕಟರ್‌ಗೆ ಒಂದೇ ಏಟು. ಗಟ್ಟಿ ಉಕ್ಕಿನದ್ದು, 10 ಎಂಎಂಗೆ ಕಡಿಮೆ ಬೇಡ. ನೆಲದ ಮೇಲೆ ಜೋತುಬಿಡಬೇಡಿ. ಕಟರ್‌ನ ಒಂದು ಹಿಡಿ ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿದರೆ ದಪ್ಪ ಸರಪಳಿಯೂ ತುಂಡಾಗುತ್ತದೆ. ಮೇಲೆ, ಬಿಗಿಯಾಗಿ ಇರಲಿ. ಎರಡು ಟ್ರೇಲರ್ ಇವೆ ಅಂದಿರಿ, ಮೂತಿಗೆ ಮೂತಿ ಎದುರಾಗಿ ನಿಲ್ಲಿಸಿ ಎರಡನ್ನೂ ಸೇರಿಸಿ ಬೀಗ ಹಾಕಿ. ಟ್ರ್ಯಾಕ್ಟರ್ ನಡುವೆ ತೂರೋಕೇ ಆಗಲ್ಲ.

ಬೈಲಹೊಂಗಲ: ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಇಷ್ಟೆಲ್ಲ ಯಾಕೆ? ಜಾಕ್ ಕೊಟ್ಟು, ಕಲ್ಲಿನ ಮೇಲೆ ಕೂರಿಸಿ, ಗಾಲಿ ಬಿಚ್ಚಿ ಮನೆಯೊಳಗೆ ಹಾಕಿ. ಭಾರ ಹೊತ್ತು ಬಿಸಿಲಲ್ಲಿ ನಿಂತ ಟೈರ್ ಬಿರುಕು ಬಿಡೋದೂ ತಪ್ಪುತ್ತದೆ. ನಮ್ಮ ಕಡೆ ಇಡೀ ಟ್ರೇಲರ್‌ಗಿಂತ ಟೈರ್ ಕದಿಯೋರೇ ಜಾಸ್ತಿ. ನಟ್‌ಗೆ ವೆಲ್ಡ್ ಹೊಡೆಸೋರೂ ಇದ್ದಾರೆ, ಅದು ಬೇಡ. ಪಂಕ್ಚರ್ ಆದ ದಿನ ಗ್ಯಾಸ್ ಕಟರ್ ಹುಡುಕಿಕೊಂಡು ಅಲೆಯಬೇಕು.

ದಾವಣಗೆರೆ: ಬೀಗದ ವಿಷಯ ಎಲ್ಲರೂ ಹೇಳಿದರು. ಗುರುತಿನ ವಿಷಯ ಯಾರೂ ಹೇಳಲಿಲ್ಲ. ಬಾಡಿ ಮೇಲೆ ಬರೆಸಿದ ಹೆಸರು ಒಂದು ಡಬ್ಬ ಪೇಂಟಿಗೆ ಅಳಿಸಿಹೋಗುತ್ತದೆ. ಚಾಸಿಯ ಕೆಳಗೆ, ಮಲಗಿ ನೋಡಿದರೆ ಮಾತ್ರ ಕಾಣೋ ಜಾಗದಲ್ಲಿ, ವೆಲ್ಡಿಂಗ್ ರಾಡ್‌ನಿಂದಲೇ ನಿಮ್ಮ ಅಕ್ಷರ ಎಳೆಸಿ. ಅದರದ್ದೂ, ಚಾಸಿ ನಂಬರಿನದ್ದೂ ಫೋಟೊ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ.

ಕಳುವಾದರೆ ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಠಾಣೆಗೆ ಓಡಿ. "ನಮ್ಮ ಲಿಮಿಟ್ ಅಲ್ಲ" ಅಂದರೆ ಸುಮ್ಮನಾಗಬೇಡಿ. 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ. ಒಂದು ಲೆಕ್ಕ ನೆನಪಿರಲಿ: ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಗಂಟೆಗೆ 25-30 ಕಿ.ಮೀ. ಓಡಿದರೆ ಹೆಚ್ಚು. ಕಳುವಾಗಿ ಮೂರು ಗಂಟೆ ಆಗಿದ್ದರೆ ಸುಮಾರು 90 ಕಿ.ಮೀ. ಒಳಗೇ ಇರುತ್ತದೆ. ಅಷ್ಟು ದೂರದೊಳಗಿನ ಪೆಟ್ರೋಲ್ ಬಂಕ್ ಕ್ಯಾಮೆರಾ, ಟೋಲ್, ಗುಜರಿ ಅಂಗಡಿಗಳನ್ನು ಅವತ್ತೇ ವಿಚಾರಿಸಿ. ಗ್ಯಾಸ್ ಕಟರ್ ಬಿದ್ದ ಮೇಲೆ ಅದು ಬರೀ ಕಬ್ಬಿಣ.

ಇನ್ನೊಂದು, ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಕಳ್ಳತನಕ್ಕೆ ಕಾಸೂ ಬರಲ್ಲ. ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೇಲರ್ ಬೇರೆಯಾಗಿ ನಮೂದಾಗಿದೆಯಾ ಅಂತಲೂ ಇವತ್ತೇ ತೆಗೆದು ನೋಡಿ.

ಶಿಗ್ಗಾಂವಿ: ಜಿಪಿಎಸ್ ಹಾಕಿಸಿದ್ದೇನೆ, ಪರವಾಗಿಲ್ಲ. ಆದರೆ ಟ್ರೇಲರ್‌ಗೆ ಸ್ವಂತ ಬ್ಯಾಟರಿ ಇಲ್ಲವಲ್ಲ, ಬ್ಯಾಟರಿ ಇರೋ ಮಾದರಿಯನ್ನೇ ತಗೊಂಡು ಆಗಾಗ ಚಾರ್ಜ್ ಮಾಡಬೇಕು. ಸಿಮ್ ರೀಚಾರ್ಜ್ ಬೇರೆ. ನಾಲ್ಕೂ ಕಡೆ ಮುಚ್ಚಿದ ಕಬ್ಬಿಣದೊಳಗೆ ಇಟ್ಟರೆ ಸಿಗ್ನಲ್ ಸಿಗಲ್ಲ. ಏರ್‌ಟ್ಯಾಗ್ ಅಂತ ಆಪಲ್ ಕಂಪನಿಯ ಪುಟ್ಟ ಟ್ರ್ಯಾಕರ್ ಬರುತ್ತದೆ, ಅದು ಹೊಲಕ್ಕೆ ಬೇಡ. ಹತ್ತಿರ ಯಾರದ್ದಾದರೂ ಐಫೋನ್ ಸುಳಿದರೆ ಮಾತ್ರ ಅದು ಎಲ್ಲಿದೆ ಅಂತ ಗೊತ್ತಾಗೋದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದರ ಗಾಲಿ ಬಿಚ್ಚಿಡ್ತೀನಿ, ಇನ್ನೊಂದಕ್ಕೆ ಅಥಣಿಯವರ ರಾಡ್. ಆದರೆ ಹಳೇ ಟ್ರೇಲರ್ ಊರಲ್ಲೇ ಮಾಡಿಸಿದ್ದು, ಆರ್‌ಸಿ ಇಲ್ಲ. ಕಳುವಾದರೆ ನನ್ನದೇ ಅಂತ ಹೇಗೆ ತೋರಿಸಲಿ?

ದಾವಣಗೆರೆ: ತೊಂದರೆ ಇರೋದೇ ಅಲ್ಲಿ. ಪೊಲೀಸರು ಹುಡುಕಿ ಕೊಟ್ಟರೂ ಕೋರ್ಟಿನಿಂದ ಬಿಡಿಸಿಕೊಳ್ಳೋಕೆ ದಾಖಲೆ ಕೇಳುತ್ತಾರೆ. ಮಾಡಿಕೊಟ್ಟ ಅಂಗಡಿಯ ಬಿಲ್ ಇದ್ದರೆ ಹುಡುಕಿಡಿ, ಟ್ರೇಲರ್ ಪಕ್ಕ ನಿಂತ ಹಳೇ ಫೋಟೊ ಇದ್ದರೆ ಅದನ್ನೂ. ನೋಂದಣಿ ಆಗುತ್ತದಾ ಅಂತ ಆರ್‌ಟಿಒ ಕಚೇರಿಯಲ್ಲೇ ಕೇಳಿ. ಅಕ್ಷರ ಎಳೆಸೋ ಕೆಲಸವನ್ನು ಮಾತ್ರ ಈ ವಾರವೇ ಮುಗಿಸಿ, ಅದೂ ಆ ಹಳೇ ಟ್ರೇಲರ್‌ಗೆ ಮೊದಲು.