ಸಮ್‌ಥಿಂಗ್ ಇನ್ ದ ರೈನ್: ಆಫೀಸಲ್ಲಿ ಎದ್ದು ನಿಂತ ಜಿನಾ ಮನೇಲಿ ಯಾಕೆ ಬಾಯಿ ಕಟ್ಕೊಂಡಳು?

ಇಬ್ಬನಿ:

ಮೊದಲೇ ಹೇಳಿಬಿಡ್ತೀನಿ, ಕೊನೇ ಕಂತಿನ ತನಕ ಎಲ್ಲಾ ಬಿಚ್ಚಿ ಬರೆದಿದ್ದೀನಿ. ಇನ್ನೂ ನೋಡದೇ ಇರೋರು ಇಲ್ಲೇ ನಿಲ್ಲಿಸಿ.

ಸನ್ ಯೆ-ಜಿನ್, ಜಂಗ್ ಹೆ-ಇನ್ ಜೋಡಿಯ ಈ ಸೀರಿಯಲ್ ಕೊರಿಯಾದ ಜೆಟಿಬಿಸಿ ಚಾನೆಲಲ್ಲಿ 2018ರ ಮಾರ್ಚ್‌ ಕೊನೆಯಿಂದ ಮೇ ತನಕ ಬಂತು. 16 ಕಂತು. ನಾನು ನೋಡಿ ಮುಗಿಸಿದ್ದು ಮೊನ್ನೆ ಮೊನ್ನೆ. ಒಂದು ಪ್ರಶ್ನೆ ಒಳಗೇ ಕೊರೀತಾ ಇದೆ, ಇಲ್ಲಿ ಇದನ್ನ ನೋಡಿದೋರು ತುಂಬ ಜನ ಇದ್ದೀರಿ ಅಂತ ಕೇಳ್ತಿದ್ದೀನಿ.

ಯೂನ್ ಜಿನಾಗೆ ಮೂವತ್ತೈದು. ಕಾಫಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್, ಫ್ರಾಂಚೈಸಿ ಅಂಗಡಿಗಳನ್ನೆಲ್ಲ ಸುತ್ತಿ ನೋಡ್ಕೊಳ್ಳೋ ಕೆಲಸ. ಜುನ್‌ಹೀ ಅವಳ ಜೀವದ ಗೆಳತಿ ಕ್ಯೋಂಗ್‌ಸನ್‌ಳ ತಮ್ಮ. ಚಿಕ್ಕಂದಿನಿಂದ ಜಿನಾನ ನೂನಾ, ಅಂದ್ರೆ ಅಕ್ಕ, ಅಂತಲೇ ಕರ್ಕೊಂಡು ಬೆಳೆದವನು. ಅಮೆರಿಕದಿಂದ ವಾಪಸ್ ಬರ್ತಾನೆ, ಗೇಮ್ ಕಂಪನಿಲಿ ಕೆಲಸ, ಅದೂ ಜಿನಾ ಆಫೀಸಿರೋ ಕಟ್ಟಡದಲ್ಲೇ. ಅಲ್ಲಿಂದ ಶುರು.

ಮೊದಲರ್ಧ ನೋಡ್ತಾ ನಾನು ಕರಗಿ ಹೋದೆ. ಆ ಮೇಜಿನ ದೃಶ್ಯ ನೆನಪಿದ್ಯಾ? ಅವನ ಆಫೀಸಿನೋರು, ಅವಳ ಆಫೀಸಿನೋರು ಒಟ್ಟಿಗೆ ಕೂತು ಕುಡೀತಿರ್ತಾರೆ. ಜಿನಾ ಜೊತೆ ಕೆಲಸ ಮಾಡೋ ಸೆ-ಯಂಗ್‌ಗೆ ಜುನ್‌ಹೀ ಮೇಲೆ ಕಣ್ಣು. ಮೇಜಿನ ಮೇಲೆ ಮಾತು, ನಗು ನಡೀತಾನೇ ಇರುತ್ತೆ. ಮೇಜಿನ ಕೆಳಗೆ ಜಿನಾ ಕೈ ಚಾಚಿ ಅವನ ಕೈ ಹಿಡ್ಕೋತಾಳೆ. ಅವನಲ್ಲ, ಅವಳೇ! ಅವನಿಗೆ ಉಸಿರು ನಿಂತ ಹಾಗೆ. ಯಾರಿಗೂ ಗೊತ್ತಾಗದ ಹಾಗೆ ಮುಖ ಇಟ್ಕೋಬೇಕು, ಆದ್ರೆ ಮುಖ ಅವನ ಮಾತು ಕೇಳ್ತಿಲ್ಲ. ವಯಸ್ಸಲ್ಲಿ ದೊಡ್ಡವಳು, ಗೆಳತಿಯ ತಮ್ಮ, ಹೇಳಿದ್ರೆ ಎರಡು ಮನೆ ಒಡೆಯುತ್ತೆ ಅನ್ನೋದೆಲ್ಲ ಗೊತ್ತಿದ್ದೂ ಮೊದಲ ಹೆಜ್ಜೆ ಇಟ್ಟವಳು ಇವಳು.

ಆಫೀಸಿನ ಕತೆಯೂ ಹಾಗೇ. ಕೆಲಸ ಮುಗಿದ ಮೇಲೆ ಬಾಸ್‌ಗಳು ಎಲ್ಲರನ್ನೂ ಊಟಕ್ಕೆ, ಕುಡಿಯೋಕೆ, ಆಮೇಲೆ ಹಾಡೋ ರೂಮಿಗೆ ಎಳ್ಕೊಂಡು ಹೋಗ್ತಾರೆ. ಹೆಣ್ಣುಮಕ್ಕಳು ಅವರ ಪಕ್ಕ ಕೂರಬೇಕು, ಕುಣೀಬೇಕು, ನಗಬೇಕು. ಜಿನಾ ಎಲ್ಲಾನೂ ನಗುನಗ್ತಾ ಮಾಡ್ತಿದ್ಲು, ಹಾಡೋ ರೂಮಲ್ಲಿ ಟಾಂಬರಿನ್ ಅನ್ನೋ ಕೈವಾದ್ಯ ಬಡೀತಾ ಎಲ್ಲರನ್ನೂ ರಂಜಿಸ್ತಿದ್ಲು, ಅದಕ್ಕೇ ಅವಳಿಗೆ ಯೂನ್ ಟಾಂಬರಿನ್ ಅಂತ ಅಡ್ಡಹೆಸರು. ಜುನ್‌ಹೀ ಅವಳನ್ನ ಅಷ್ಟು ಜೋಪಾನವಾಗಿ ನೋಡ್ಕೊಳ್ಳೋದು ಕಂಡಮೇಲೆ ಅವಳಿಗೇ ಅನ್ನಿಸುತ್ತೆ, ನಾನು ನನ್ನನ್ನ ಹೀಗೆ ನೋಡ್ಕೊಂಡೇ ಇಲ್ವಲ್ಲ ಅಂತ. ಆಮೇಲೆ ಹೋಗಲ್ಲ ಅಂತಾಳೆ. ಕಿರುಕುಳದ ದೂರಿನ ವಿಷಯದಲ್ಲಿ ಜೊತೆಯೋರು ಒಬ್ಬೊಬ್ಬರೇ ಹಿಂದೆ ಸರಿದ್ರೂ ಇವಳು ನಿಂತ್ಕೋತಾಳೆ.

ಅದೇ ಜಿನಾ ಮನೇಲಿ ಅಮ್ಮ "ಹುಡುಗನ್ನ ನೋಡೋಕೆ ಹೋಗು" ಅಂದ್ರೆ ಜುನ್‌ಹೀಗೆ ಹೇಳದೇ ಹೋಗಿ ಬರ್ತಾಳೆ. ಅಮೆರಿಕಕ್ಕೆ ಒಟ್ಟಿಗೆ ಹೋಗೋಣ ಅಂತ ಅವನು ಕೇಳಿದ್ರೆ ಹೋಗಲ್ಲ. ಆಮೇಲೆ ವರ್ಷಗಳು ಕಳೆದು ಅವಳ ತಮ್ಮನ ಮದುವೇಲಿ ಇಬ್ಬರೂ ಎದುರಾದಾಗ ಅವಳ ಜೊತೆ ಇನ್ನೊಬ್ಬ ಇರ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಇದು ಬರವಣಿಗೆ ಕೈಕೊಟ್ಟಿದ್ದಾ? ಅಥವಾ ಬೇಕಂತಲೇ ಹೀಗೆ ಬರೆದಿದ್ದಾ? "ಕೊರಿಯಾದಲ್ಲಿ ವಯಸ್ಸಿನ ಅಂತರ ದೊಡ್ಡ ವಿಷಯ, ಅದಕ್ಕೇ" ಅನ್ನೋ ಉತ್ತರ ದಯವಿಟ್ಟು ಬೇಡ. ನಾಲ್ಕು ವರ್ಷದ ಅಂತರಕ್ಕೆ ಇಷ್ಟು ಕಣ್ಣೀರು ಅಂದ್ರೆ ನನಗೆ ನಂಬೋಕಾಗ್ತಿಲ್ಲ.

ರಾತ್ರಿರಾಣಿ:

ಕೈಕೊಟ್ಟಿದ್ದೇ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹತ್ತನೇ ಕಂತಿನ ಆಚೆ ಕತೆ ಮುಂದಕ್ಕೆ ಹೋಗೋದೇ ಇಲ್ಲ. ಅಮ್ಮ ಕೂಗೋದು, ಜಿನಾ ತಲೆ ತಗ್ಗಿಸೋದು, ಜುನ್‌ಹೀ ಕಾಯೋದು, ಹಿಂದೆ ಕಾರ್ಲಾ ಬ್ರೂನಿ ಹಾಡು. ಮತ್ತೆ ಅಮ್ಮ ಕೂಗೋದು. ಹನ್ನೆರಡು ಕಂತಿಗೆ ಮುಗಿಸಬಹುದಾಗಿದ್ದ ಕತೆನ ಎಳೆದು ಎಳೆದು ಹದಿನಾರು ಮಾಡಿದ್ರು. ಮದುವೇಲಿ ಬರೋ ಆ ಹೊಸ ಗೆಳೆಯನಿಗೆ ಒಂದು ವ್ಯಕ್ತಿತ್ವವೂ ಇಲ್ಲ, ಜುನ್‌ಹೀ ಹೊಟ್ಟೆ ಉರಿಸೋಕೆ ತಂದು ನಿಲ್ಲಿಸಿದ ಹಾಗಿದೆ.

ನಿಮಗೆ ಪುರಾವೆ ಬೇಕಾ? ಒನ್ ಸ್ಪ್ರಿಂಗ್ ನೈಟ್ ನೋಡಿ. 2019ರಲ್ಲಿ ಎಂಬಿಸಿ ಚಾನೆಲಲ್ಲಿ ಬಂದ ಸೀರಿಯಲ್. ಅದೇ ನಿರ್ದೇಶಕ ಆನ್ ಪಾನ್-ಸಕ್, ಅದೇ ಬರಹಗಾರ್ತಿ ಕಿಮ್ ಯುನ್, ನಾಯಕನೂ ಅದೇ ಜಂಗ್ ಹೆ-ಇನ್. ಅಲ್ಲಿ ಅವನು ಒಬ್ಬನೇ ಮಗು ಸಾಕ್ತಿರೋ ಫಾರ್ಮಸಿಸ್ಟ್. ನಾಯಕಿಯ ಅಪ್ಪ ಶಾಲೆಯ ಪ್ರಿನ್ಸಿಪಾಲ್, ಆ ಶಾಲೆ ನಡೆಸೋ ಸಂಸ್ಥೆಯ ಅಧ್ಯಕ್ಷರ ಮಗನನ್ನೇ ಅಳಿಯ ಮಾಡ್ಕೋಬೇಕು ಅಂತ ಹಟ. ಆದ್ರೂ ಆ ಹುಡುಗಿ ಅಪ್ಪನ ಎದುರು ಕೂತು ಆ ಅಧ್ಯಕ್ಷರ ಮಗನನ್ನ ಮದುವೆ ಆಗಲ್ಲ ಅಂತ ಸ್ಪಷ್ಟವಾಗಿ ಹೇಳ್ತಾಳೆ. ಇಲ್ಲಿ ಮಾಡಿದ ತಪ್ಪನ್ನ ಅವರೇ ಅಲ್ಲಿ ತಿದ್ಕೊಂಡಿದ್ದಾರೆ ಅಂತ ನನ್ನ ಲೆಕ್ಕ. ಇನ್ನೊಂದು ವಿಷಯ, ಜಿನಾ ಅಮ್ಮನ ಪಾತ್ರ ಮಾಡಿದ ಗಿಲ್ ಹೆ-ಯಾನ್ ಅಲ್ಲೂ ನಾಯಕಿಯ ಅಮ್ಮನೇ. ಆದ್ರೆ ಆ ಅಮ್ಮ ಮಗಳ ಪರ ನಿಲ್ಲೋಳು.

ಕಡಲಾಚೆ:

ರಾತ್ರಿರಾಣಿ ಅವರೇ, ಎಳೆದಿದ್ದಾರೆ ಅನ್ನೋದನ್ನ ಒಪ್ತೀನಿ. ಜಿನಾ ಪಾತ್ರ ಕೆಟ್ಟಿದೆ ಅನ್ನೋದನ್ನ ಒಪ್ಪಲ್ಲ.

ಇಬ್ಬನಿ, ನಿಮ್ಮ ಅನುಮಾನ ಸರಿ ಇದೆ, ವಯಸ್ಸು ಇಲ್ಲಿ ಬರೀ ನೆಪ. ಕೊರಿಯಾದಲ್ಲೂ ಈಚಿನ ವರ್ಷಗಳಲ್ಲಿ ಮೊದಲ ಮದುವೆಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಹೆಂಡತಿಯೇ ದೊಡ್ಡವಳು. ಅಮ್ಮನ ತಕರಾರು ಏನು ಅಂತ ಅವಳ ಮಾತಲ್ಲೇ ಕೇಳಿ. ಜುನ್‌ಹೀ, ಕ್ಯೋಂಗ್‌ಸನ್ ಇಬ್ಬರಿಗೂ ತಾಯಿ ಇಲ್ಲ. ಅಪ್ಪ ಬೇರೆ ಸಂಸಾರ ಮಾಡ್ಕೊಂಡು ಹೋದವನು. ಅಕ್ಕನೇ ತಮ್ಮನನ್ನ ದಡ ಸೇರಿಸಿದ್ದು. ಜಿನಾ ಅಮ್ಮ ಆ ಇಬ್ಬರನ್ನೂ ಮನೆ ಮಕ್ಕಳು ಅಂತಲೇ ಕರೆದು ಊಟಕ್ಕೆ ಕೂರಿಸಿದವಳು. ಅಳಿಯ ಅನ್ನೋ ಮಾತು ಬಂದ ತಕ್ಷಣ ಅದೇ ಮಕ್ಕಳ ಮನೆತನ ಎತ್ತಿ ಆಡ್ತಾಳೆ. ಹೊಟ್ಟೆ ತುಂಬಿಸೋದು ಬೇರೆ, ಸಮಾನರು ಅಂತ ಒಪ್ಪೋದು ಬೇರೆ ಅನ್ನೋದು ಅಲ್ಲಿ ಬಯಲಾಗುತ್ತೆ. ಮೋಸ ಮಾಡಿ ಹೋದ ಹಳೇ ಗೆಳೆಯ ಗ್ಯೂ-ಮಿನ್ ಬಗ್ಗೆ ಅವಳಿಗೆ ಎಷ್ಟು ಆಸೆ ಇತ್ತು ನೆನಪಿಸ್ಕೊಳ್ಳಿ. ಅವನ ಕಡೆ ಸ್ಥಾನಮಾನ ಇತ್ತು, ಅಷ್ಟೇ ಸಾಕಿತ್ತು.

ಈಗ ಜಿನಾ ವಿಷಯ. ಹಾಡೋ ರೂಮಲ್ಲಿ ಟಾಂಬರಿನ್ ಬಡೀತಿದ್ದವಳಿಗೆ ಆ ಬುದ್ಧಿ ಎಲ್ಲಿಂದ ಬಂತು? ಮನೆಯಿಂದ. ಎಲ್ಲರೂ ಖುಷಿಯಾಗಿರ್ಲಿ, ಮಾತು ಬೆಳೀದೇ ಇರ್ಲಿ, ನಾನು ಸ್ವಲ್ಪ ತಡ್ಕೊಂಡ್ರೆ ಆಯ್ತು ಅನ್ನೋದನ್ನ ಅವಳು ಅಮ್ಮನ ಎದುರು ಕಲಿತಿದ್ದು. ಆಫೀಸಲ್ಲಿ ಅದನ್ನ ಬಿಡೋಕೆ ದಾರಿ ಇತ್ತು. ದೂರು ಕೊಡಬಹುದು, ವಿಚಾರಣೆ ನಡೆಯುತ್ತೆ, ಜೊತೆಗೆ ನಿಲ್ಲೋ ಒಬ್ಬ ಮೇಲಧಿಕಾರಿ ಹೆಂಗಸು ಇದ್ದಾಳೆ. ಮನೇಲಿ ಯಾರ ಹತ್ರ ದೂರು ಕೊಡ್ತಾಳೆ? ಹುಡುಗನ್ನ ನೋಡೋಕೆ ಹೋಗಿದ್ದು ಜುನ್‌ಹೀ ಮೇಲೆ ಪ್ರೀತಿ ಕಮ್ಮಿಯಾಗಿ ಅಲ್ಲ. ಅಮ್ಮನ್ನ ಸಮಾಧಾನ ಮಾಡಿಬಿಟ್ರೆ ಎಲ್ಲ ಸರಿಹೋಗುತ್ತೆ ಅನ್ನೋ ಹಳೇ ಚಾಳಿ. ನೋಡೋಕೆ ಸಿಟ್ಟು ಬರುತ್ತೆ, ನಿಜ. ಹಾಗಂತ ಸುಳ್ಳು ಅನ್ನಿಸಲ್ಲ.

ಇನ್ನೊಂದು ಮಾತು. ಆಫೀಸಲ್ಲಿ ನಿಂತಳು ಅಂತೀರಲ್ಲ, ನಿಂತಿದ್ದಕ್ಕೆ ಏನು ಸಿಕ್ತು? ಪಾಜುನಲ್ಲಿರೋ ಗೋದಾಮಿಗೆ ಎತ್ತಂಗಡಿ! ಸಿಯೋಲ್ ಬಿಟ್ಟು ಉತ್ತರದ ಗಡಿ ಕಡೆಗೆ. 2018ರ ಜನವರಿ 29ರಂದು ಒಬ್ಬ ಮಹಿಳಾ ಪ್ರಾಸಿಕ್ಯೂಟರ್ ಇದೇ ಜೆಟಿಬಿಸಿಯ ಸುದ್ದಿ ಕಾರ್ಯಕ್ರಮದಲ್ಲಿ ಕೂತು, ಹಿರಿಯ ಅಧಿಕಾರಿಯಿಂದ ಆದ ಕಿರುಕುಳವನ್ನೂ ಆಮೇಲೆ ತನ್ನನ್ನ ದೂರದ ಊರಿಗೆ ಹಾಕಿದ್ದನ್ನೂ ಹೇಳಿದ್ರು. ಕೊರಿಯಾದ ಮೀ ಟೂ ಕಿಡಿ ಹತ್ತಿದ್ದೇ ಅಲ್ಲಿ. ಎರಡು ತಿಂಗಳಿಗೆ ಅದೇ ಚಾನೆಲಲ್ಲಿ ಈ ಸೀರಿಯಲ್ ಶುರು. ಆಗ ಅದನ್ನ ನೋಡಿದೋರಿಗೆ ಆ ಗೋದಾಮಿನ ದೃಶ್ಯ ಎಷ್ಟು ನಾಟಿರಬೇಕು ಅಂತ ಯೋಚನೆ ಮಾಡಿ. ಒಂದು ಕಡೆ ನಿಂತು ಅಷ್ಟು ಪೆಟ್ಟು ತಿಂದವಳಿಗೆ ಇನ್ನೊಂದು ಕಡೆಯೂ ನಿಲ್ಲೋ ಶಕ್ತಿ ಉಳಿದಿಲ್ಲ. ನಾನು ಅದನ್ನ ಹಾಗೇ ಓದ್ಕೊಳ್ಳೋದು.

ಪುಟ್ಟಕ್ಕ:

ಎಲ್ಲರೂ ಜಿನಾ, ಜುನ್‌ಹೀ ಅಂತೀರಿ. ನನ್ನ ಕರುಳು ಕಿತ್ತು ಬಂದಿದ್ದು ಕ್ಯೋಂಗ್‌ಸನ್‌ಗೆ. ಜಿನಾ ಅಮ್ಮ ಅವಳ ಹತ್ರ ಹೋಗಿ ಮನೆತನದ ಮಾತಾಡ್ತಾಳಲ್ಲ, ಆವಾಗ ಅವಳಿಗೆ ಎದುರು ಮಾತಾಡೋಕೂ ಆಗಲ್ಲ, ಯಾಕಂದ್ರೆ ತಾಯಿ ಜಾಗದಲ್ಲಿ ಇಟ್ಕೊಂಡಿದ್ದು ಅವರನ್ನೇ. ತಮ್ಮನೂ ಬೇಕು, ಗೆಳತೀನೂ ಬೇಕು. ಇಬ್ಬರೂ ಅವಳಿಂದ ಮುಚ್ಚಿಟ್ಟಿದ್ರು. ಅವಳದೇ ಒಂದು ಸೀರಿಯಲ್ ಆಗ್ಬೇಕಿತ್ತು.

ಶ್ರುತಿಪೆಟ್ಟಿಗೆ:

ವಯಸ್ಸಿನ ಅಂತರವನ್ನ ನೆಪ ಮಾಡ್ಕೊಳ್ಳದೆ ನೇರವಾಗಿ ಎದುರಿಸಿದ ಸೀರಿಯಲ್ ಬೇಕು ಅಂದ್ರೆ ಇದೇ ನಿರ್ದೇಶಕರ ಸೀಕ್ರೆಟ್ ಅಫೇರ್ ಇದೆ. 2014, ಇದೇ ಚಾನೆಲ್. ಬರೆದಿದ್ದು ಮಾತ್ರ ಜಂಗ್ ಸಂಗ್-ಜು. ಕಿಮ್ ಹೀ-ಎ ಮಾಡಿರೋ ಓ ಹ್ಯೆ-ವನ್‌ಗೆ ನಲವತ್ತು, ಕಲಾ ಪ್ರತಿಷ್ಠಾನವೊಂದರ ದೊಡ್ಡ ಹುದ್ದೆ, ಗಂಡ ಸಂಗೀತದ ಪ್ರೊಫೆಸರ್. ಯೂ ಆ-ಇನ್ ಮಾಡಿರೋ ಸನ್-ಜೆಗೆ ಇಪ್ಪತ್ತು, ಸಾಮಾನು ತಲುಪಿಸೋ ಹುಡುಗ, ಯಾರೂ ಹೇಳಿಕೊಡದ ಪಿಯಾನೊ ಪ್ರತಿಭೆ.

ಶೂಬರ್ಟ್‌ನ ಎಫ್ ಮೈನರ್ ಫ್ಯಾಂಟಸಿ, ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನಾಲ್ಕು ಕೈಲಿ ನುಡಿಸೋ ಕೃತಿ. ಅವರಿಬ್ಬರೂ ಅದನ್ನ ನುಡಿಸೋ ದೃಶ್ಯದಲ್ಲಿ ಮಾತೇ ಇಲ್ಲ. ಒಬ್ಬರ ಉಸಿರನ್ನ ಇನ್ನೊಬ್ಬರು ಕಾಯ್ತಾ ಇರ್ತಾರೆ. ಮುಗಿದ ಮೇಲೆ ಅವಳು ಅವನ ಕೆನ್ನೆ ಗಟ್ಟಿಯಾಗಿ ಚಿವುಟಿ, ಇದು ವಿಶೇಷ ಶ್ರೇಣಿಯ ಮೆಚ್ಚುಗೆ ಅಂತ ಹೇಳಿ ಎದ್ದು ಹೋಗ್ತಾಳೆ. ಪ್ರೀತಿ ಹುಟ್ಟಿದ ಕ್ಷಣವನ್ನ ಅಷ್ಟು ಬಿಗಿಯಾಗಿ ತೋರಿಸಿದ್ದನ್ನ ನಾನು ಬೇರೆಲ್ಲೂ ಕಂಡಿಲ್ಲ. ಅದು ಬರೋವಾಗ ಕೊರಿಯಾದಲ್ಲಿ ವ್ಯಭಿಚಾರ ಇನ್ನೂ ಅಪರಾಧ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನ ರದ್ದು ಮಾಡಿದ್ದು 2015ರ ಫೆಬ್ರವರಿಲಿ. ಹಾಗಾಗಿ ಸಿಕ್ಕಿಬಿದ್ರೆ ಅವಳಿಗೆ ಬರೀ ಮಾನ ಹೋಗೋ ಭಯ ಅಲ್ಲ. ಕೊನೆಗೆ ಅವಳು ಹಣದ ಅವ್ಯವಹಾರದಲ್ಲಿ ತನ್ನ ಪಾಲನ್ನೂ ಒಪ್ಕೊಂಡು ತಾನಾಗೇ ಜೈಲಿಗೆ ಹೋಗ್ತಾಳೆ, ಅವನು ಅಲ್ಲಿಗೇ ನೋಡೋಕೆ ಬರ್ತಾನೆ.

ಇನ್ನೊಂದು ಬೇಸರ ಇದೆ, ಅದನ್ನೂ ಹೇಳ್ತೀನಿ. ಗಂಡಸು ದೊಡ್ಡವನಾದಾಗ ಕತೆಯೊಳಗೆ ಯಾರೂ ಹೀಗೆ ರಂಪ ಮಾಡಲ್ಲ. ಗಾಬ್ಲಿನ್ ಅನ್ನೋ ಕೊರಿಯನ್ ಸೀರಿಯಲ್ ನೋಡಿ. ಗೋಂಗ್ ಯೂ ಎದುರು ಹೈಸ್ಕೂಲ್ ಯೂನಿಫಾರ್ಮ್ ಹಾಕಿರೋ ಹುಡುಗಿ, ಇಬ್ಬರು ಕಲಾವಿದರ ನಡುವೆ ಹನ್ನೆರಡು ವರ್ಷ. ಜಗತ್ತೇ ಅದನ್ನ ಹೊತ್ತು ಮೆರೆಸ್ತು. ಸನ್ ಯೆ-ಜಿನ್ ಹುಟ್ಟಿದ್ದು 1982ರಲ್ಲಿ, ಜಂಗ್ ಹೆ-ಇನ್ 1988ರಲ್ಲಿ. ಆರು ವರ್ಷ. ಕತೇಲಿ ಅದಕ್ಕಿಂತ ಕಮ್ಮಿ. ಆದ್ರೆ ಹದಿನಾರು ಕಂತಿನ ಸಂಕಟ ಇವರ ಪಾಲಿಗೆ.

ರಾತ್ರಿರಾಣಿ:

ಶ್ರುತಿಪೆಟ್ಟಿಗೆ ಅವರ ಕೊನೇ ಮಾತಿಗೆ ನೂರಕ್ಕೆ ನೂರು. ಕಡಲಾಚೆ ಅವರೇ, ಗೋದಾಮಿನ ವಿಷಯ ನಾನು ಆ ಸುದ್ದಿ ಜೊತೆ ಸೇರಿಸಿ ನೋಡಿರಲಿಲ್ಲ, ಚೆನ್ನಾಗಿ ಹೇಳಿದ್ರಿ. ಆದ್ರೂ ಆ ಹೊಸ ಗೆಳೆಯನನ್ನ ನಾನು ಕ್ಷಮಿಸಲ್ಲ.

ಇಬ್ಬನಿ:

ಎಲ್ಲರಿಗೂ ಥ್ಯಾಂಕ್ಸ್. ಕಡಲಾಚೆ ಅವರ ಉತ್ತರ ಎರಡು ಸಲ ಓದಿದೆ. ಆ ಬುದ್ಧಿ ಮನೆಯಿಂದ ಬಂದಿದ್ದು ಅನ್ನೋದು ನನಗೆ ಒಪ್ಪಿಗೆ. ಆದ್ರೆ ಶಕ್ತಿ ಉಳಿದಿರಲಿಲ್ಲ ಅನ್ನೋದನ್ನ ಒಪ್ಪೋಕಾಗ್ತಿಲ್ಲ. ಮೇಜಿನ ಕೆಳಗೆ ಅವನ ಕೈ ಹಿಡಿದವಳಿಗೆ ಶಕ್ತಿ ಇರಲಿಲ್ಲ ಅಂತ ಹೇಗೆ ಹೇಳೋದು? ಯಾರೂ ನೋಡದ ಕಡೆ ಅವಳಿಗೆ ಧೈರ್ಯ ಇತ್ತು. ನೋಡೋ ಕಣ್ಣು ಅಮ್ಮನದಾದ್ರೆ ಧೈರ್ಯ ಹೋಗ್ತಿತ್ತು. ಕೊನೆಗೆ ಅವಳು ಪಾಜು ಕೆಲಸ ಬಿಟ್ಟು, ಅಮ್ಮನ ಮನೆಯಿಂದ ದೂರ, ಜೆಜು ದ್ವೀಪದಲ್ಲಿ ಹಳೇ ಸಹೋದ್ಯೋಗಿ ಬೊ-ರಾ ಹತ್ರ ಹೋಗಿರೋದಕ್ಕೂ ಅದೇ ಕಾರಣ ಅಂತ ಈಗ ಅನ್ನಿಸ್ತಿದೆ. ಜುನ್‌ಹೀ ಅಲ್ಲಿಗೆ ಹುಡುಕ್ಕೊಂಡು ಬಂದಾಗ ಅವಳ ಮುಖದಲ್ಲಿ ಅಂಜಿಕೆ ಇಲ್ಲ. ಅಲ್ಲಿ ಅಮ್ಮ ಇಲ್ಲ, ಅದಕ್ಕೆ. ಹಾಗಾಗಿ ಆ ಮುಕ್ತಾಯ ನನಗೆ ಪೂರ್ತಿ ಖುಷಿ ಕೊಡಲಿಲ್ಲ. ಅವಳು ಅಮ್ಮನ ಎದುರು ಕೂತು, ನನಗೆ ಇವನೇ ಬೇಕು ಅಂತ ಹೇಳಿ ಅಲ್ಲಾಡದೆ ಕೂರೋ ಒಂದು ದೃಶ್ಯ ಬೇಕಿತ್ತು. ಐದೇ ನಿಮಿಷ ಸಾಕಿತ್ತು.

ಪುಟ್ಟಕ್ಕ, ಕ್ಯೋಂಗ್‌ಸನ್ ವಿಷಯ ನೀವು ಹೇಳಿದ್ದು ನಿಜ. ಅವಳ ಪಾಲಿನ ನೋವಿಗೆ ಯಾರೂ ಬಂದು ಕ್ಷಮೆ ಕೇಳಲಿಲ್ಲ ಅನ್ನೋ ಹಾಗೇ ಉಳಿದುಬಿಡ್ತು.

ಸೀಕ್ರೆಟ್ ಅಫೇರ್ ಪಟ್ಟಿಗೆ ಸೇರಿಸ್ಕೊಂಡೆ, ಆದ್ರೆ ಮೊದಲು ಒನ್ ಸ್ಪ್ರಿಂಗ್ ನೈಟ್. ಗಿಲ್ ಹೆ-ಯಾನ್ ಮಗಳ ಪರ ನಿಂತು ಮಾತಾಡೋದನ್ನ ನಾನು ನೋಡಲೇಬೇಕು.