ಸಂತ ಮೋನಿಕಾ ಅವರ ಗುಣಗಳನ್ನು ಮನೆಯೊಳಗೆ ಅನುಸರಿಸುವುದು ಹೇಗೆ?

ಪ್ರಶ್ನೆ:
ಆಗಸ್ಟ್ 27ರಂದು ಸಂತ ಮೋನಿಕಾ ಅವರ ಹಬ್ಬ ಬಂದಾಗಲೆಲ್ಲ, ದಾರಿ ತಪ್ಪಿದ್ದು ಮುಂದೆ ತಾನೂ ಸಂತನಾದ ಮಗ ಅಗಸ್ಟೀನರಿಗಾಗಿ ಅವರು ಸುರಿಸಿದ ಕಣ್ಣೀರಿನ ಕುರಿತೇ ಪ್ರಬೋಧನೆ ಕೇಳುತ್ತೇವೆ. ನನಗೆ ಮಕ್ಕಳಿಲ್ಲ. ಅತ್ತೆಯವರೂ ಮಹಡಿಯ ಮೇಲಿರುವ ನನ್ನ ಓರಗಿತ್ತಿಯೂ ಮಾತು ಬಿಟ್ಟು ಎರಡು ತಿಂಗಳಾಗಿದ್ದು, ಇಬ್ಬರೂ ತಮ್ಮ ಸಂಕಟವನ್ನು ನನ್ನ ಬಳಿಯೇ ತೋಡಿಕೊಳ್ಳುತ್ತಾರೆ. ಇಂಥ ಮನೆಯಲ್ಲಿ ದಿನವೂ ಪಾಲಿಸಬಹುದಾದದ್ದು ಈ ಸಂತರ ಬದುಕಿನಲ್ಲಿ ಏನಿದೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ನಿಮ್ಮ ಮನೆಗೆ ನೇರವಾಗಿ ಹೊಂದುವ ಸಂಗತಿ ಅಗಸ್ಟೀನರು ತಮ್ಮ ಬದುಕಿನ ಬಗ್ಗೆ ಬರೆದ ‘ಕನ್ಫೆಷನ್ಸ್’ ಗ್ರಂಥದ 9ನೇ ಭಾಗದಲ್ಲಿದೆ. ಜಗಳವಾಡಿಕೊಂಡ ಯಾರೇ ಇಬ್ಬರು ಮೋನಿಕಾ ಅವರ ಮುಂದೆ ಒಬ್ಬರ ಮೇಲೊಬ್ಬರು ಎಷ್ಟೇ ಕಹಿ ಕಾರಿದರೂ, ಅವರನ್ನು ಒಂದುಗೂಡಿಸುವ ಮಾತನ್ನಲ್ಲದೆ ಬೇರೇನನ್ನೂ ಅವರು ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ. ಆಡದ ಮಾತನ್ನೂ ಸೇರಿಸಿ ದಾಟಿಸುವವರನ್ನು ಸಾಕಷ್ಟು ಕಂಡಿದ್ದ ಅಗಸ್ಟೀನರು ತಾಯಿಯ ಈ ಗುಣವನ್ನು ದೇವರು ಕೊಟ್ಟ ದೊಡ್ಡ ವರವೆಂದೇ ಎಣಿಸಿದ್ದಾರೆ. ಚಾಡಿಯ ನೋವನ್ನು ಮೋನಿಕಾ ಸ್ವತಃ ಉಂಡವರು. ಮದುವೆಯಾದ ಹೊಸತರಲ್ಲಿ ಮನೆಯಾಳುಗಳ ಪಿಸುಮಾತು ನಂಬಿ ಅತ್ತೆ ಅವರ ಮೇಲೆ ಮುನಿದಿದ್ದರು, ಸೊಸೆಯ ಸೈರಣೆಯನ್ನು ನೋಡುತ್ತಾ ಬಂದ ಮೇಲೆಯೇ ಆ ಮುನಿಸು ಕರಗಿತು. ಆದರೆ ರಾಜಿ ಮಾಡಿಸಲೆಂದು ಸುಳ್ಳು ಹೆಣೆಯಬೇಡಿ. ಇಬ್ಬರ ಬಾಯಿಂದಲೂ ಎಂದಾದರೊಮ್ಮೆ ಒಂದು ಮೆದುವಾದ ಮಾತು ಬಂದೇ ಬರುತ್ತದೆ. ಅದನ್ನು ಕಾದು ಹಿಡಿದು, ಅಷ್ಟನ್ನೇ ತಲುಪಿಸಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಮುಂಗೋಪಿ ಪತಿ ಪಾಟ್ರಿಸಿಯಸ್‌ನನ್ನು ಮೋನಿಕಾ ಸಹಿಸಿಕೊಂಡದ್ದನ್ನು ತೋರಿಸಿ, ಇಂದು ಏಟು ತಿನ್ನುತ್ತಿರುವ ಹೆಣ್ಣುಮಗಳಿಗೆ ಸುಮ್ಮನಿರು ಎಂದು ಬುದ್ಧಿ ಹೇಳುವುದನ್ನು ನಾನು ಎಂದಿಗೂ ಒಪ್ಪಲಾರೆ. ಮೋನಿಕಾ ಅವರಾದರೂ ಸದಾ ಸುಮ್ಮನಿದ್ದವರಲ್ಲ. ಗಂಡನ ಸಿಟ್ಟು ಇಳಿದ ಮೇಲೆ ತಾನು ಮಾಡಿದ್ದೇಕೆಂದು ವಿವರಿಸುತ್ತಿದ್ದರು.

ನನ್ನನ್ನು ಹೆಚ್ಚು ತಟ್ಟಿದ್ದು ಇಟಲಿಯ ಮಿಲಾನಿನಲ್ಲಿ ಮೋನಿಕಾ ಅವರಿಗಾದ ಘಟನೆ. ಆಫ್ರಿಕಾದ ತಮ್ಮ ಊರಿನ ರೂಢಿಯಂತೆ ಅವರು ರಕ್ತಸಾಕ್ಷಿಗಳ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ) ಸಮಾಧಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಒಯ್ದಾಗ, ಅಲ್ಲಿನ ಬಿಷಪ್ ಆಂಬ್ರೋಸರು ಇದನ್ನು ನಿಷೇಧಿಸಿದ್ದಾರೆಂದು ಬಾಗಿಲು ಕಾಯುವವನು ತಡೆದ. ಮೋನಿಕಾ ಗೊಣಗದೆ ಆ ರೂಢಿಯನ್ನೇ ಬಿಟ್ಟರು. ಹತ್ತು ವರ್ಷದಿಂದ ಬಲಿಪೀಠಕ್ಕೆ ಹೂ ಜೋಡಿಸುತ್ತಿದ್ದ ನನಗೆ ಹೊಸ ಗುರುಗಳು ಬೇರೆ ರೀತಿ ಜೋಡಿಸಲು ಹೇಳಿದಾಗ, ಮೂರು ಭಾನುವಾರ ನಾನು ಆ ಕಡೆ ಸುಳಿದಿರಲಿಲ್ಲ. ನಾಲ್ಕನೆಯ ಭಾನುವಾರ ಈ ಘಟನೆ ನೆನಪಾಗಿ, ಸುಗಂಧರಾಜದ ಕಟ್ಟು ಹಿಡಿದು ಹೋದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಹಡಿಯ ಮೇಲೆ ಮಗು ಕೆಮ್ಮುವುದು ಕೇಳಿಸಿ, “ಪಾಪ, ಕೂಸಿಗೆ ಜ್ವರವೇನಾದರೂ ಇದೆಯೇ?” ಎಂದು ಅತ್ತೆಯವರು ನಿನ್ನೆ ರಾತ್ರಿ ನನ್ನನ್ನು ಕೇಳಿದ್ದರು. ಅದನ್ನು ನಾನು ಓರಗಿತ್ತಿಗೆ ಹೇಳಿರಲಿಲ್ಲ. ಈಗ ಮೇಲೆ ಹೋಗಿ ಹೇಳುತ್ತೇನೆ.